ಸಂಜೆ ಆಗುವ ಮೊದಲೇ ಬರೆದ ನಾಲ್ಕು: ಲಸಿಕೆಯ ತಂಪು ಕಾದವರ ಇನ್ನೂರು ವರ್ಷದ ಕಥೆ

ಮೂರು ಬೇಸಿಗೆಗಳ ಹಿಂದಿನ ಮಾತು. ನಮ್ಮ ತಾಲ್ಲೂಕಿನಲ್ಲಿ ಕರೆಂಟ್ ಸರಿಯಾಗಿ ಬರುತ್ತಿರಲಿಲ್ಲ. ಅದನ್ನೇ ಸುದ್ದಿ ಮಾಡೋಣ ಎಂದು ಊರೂರು ಸುತ್ತುತ್ತಾ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಸಿಸ್ಟರ್ ಲಸಿಕೆ ಇಡುವ ಕೋಣೆ ತೋರಿಸಿದರು. ಮೇಲಿನಿಂದ ಮುಚ್ಚಳ ತೆಗೆಯುವ, ಐಸ್‌ಕ್ರೀಮ್ ಅಂಗಡಿಯ ಡಬ್ಬದಂಥ ಬಿಳಿ ಫ್ರಿಜ್. ಅದರ ಮೇಲೆ ಒಂದು ಪುಸ್ತಕ, ಪುಸ್ತಕಕ್ಕೆ ದಾರದಲ್ಲಿ ಕಟ್ಟಿದ ಪೆನ್ನು.

ಪುಸ್ತಕ ತೆರೆದು ನೋಡಿದೆವು. ತಾರೀಖು, ಬೆಳಿಗ್ಗೆಯ ಉಷ್ಣಾಂಶ, ಸಂಜೆಯ ಉಷ್ಣಾಂಶ, ಸಹಿ. ತಿಂಗಳಿಡೀ ಎಲ್ಲ ಮನೆಯಲ್ಲೂ 4. ಬೆಳಿಗ್ಗೆಯೂ 4, ಸಂಜೆಯೂ 4. ಅವತ್ತಿನ ಸಂಜೆಯ ಮನೆಯಲ್ಲೂ 4 ಇತ್ತು. ಆಗ ಗಂಟೆ ಬೆಳಿಗ್ಗೆ ಹನ್ನೊಂದೂವರೆ.

ಕೇಳಿದ್ದಕ್ಕೆ ಸಿಸ್ಟರ್ ನಕ್ಕರು. "ಯಾವಾಗ್ಲೂ ನಾಲ್ಕೇ ಇರತ್ತೆ ಸರ್. ಸಂಜೆ ಫೀಲ್ಡಿಂದ ಬರೋದು ತಡ ಆಗತ್ತೆ, ಅದಕ್ಕೇ ಬರೆದಿಟ್ಟೆ."

ಹೊರಗೆ ಬಂದು ಟೀ ಅಂಗಡಿಯಲ್ಲಿ ಕೂತಾಗ ಊರಿನವರು ಹೇಳಿದರು: ಅದೇ ವಾರ ಟಿಸಿ ಸುಟ್ಟು ಎರಡು ದಿನ ಊರಿಗೇ ಕರೆಂಟ್ ಇರಲಿಲ್ಲ. ಪುಸ್ತಕದಲ್ಲಿ ಆ ಎರಡು ದಿನವೂ 4 ಇತ್ತು.

ನಾವು ಟಿಸಿ ಸುದ್ದಿ ಬರೆದೆವು. ಎರಡು ಕಾಲಂ ಬಂತು. ಪುಸ್ತಕದ ವಿಷಯ ಬರೆಯಲಿಲ್ಲ. ಬರೆದರೆ ನೋಟಿಸ್ ಹೋಗುವುದು ಆ ಸಿಸ್ಟರಿಗೆ ಮಾತ್ರ ಎಂದು ಗೊತ್ತಿತ್ತು. ಎಂಟು ಹಳ್ಳಿ ಸುತ್ತಿ, ಬಾಣಂತಿಯರ ಮನೆ ಬಾಗಿಲಿಗೆ ಹೋಗಿ ಕೆಲಸ ಮಾಡುವ ಹೆಣ್ಣುಮಗಳು ಅವರು. ಆದರೆ ಬರೆಯದೆ ಬಿಟ್ಟದ್ದೂ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಆ ಪುಸ್ತಕ ಅಲ್ಲಿಗೆ ಯಾಕೆ ಬಂತು, ಆ ಅಂಕಿಗೆ ಅಷ್ಟು ಬೆಲೆ ಯಾಕೆ ಎಂದು ಓದಲು ಕೂತೆವು. ಓದಿ ತಿಳಿದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಹಾಲು ಹೇಳುತ್ತದೆ, ಲಸಿಕೆ ಹೇಳುವುದಿಲ್ಲ

ಡೇರಿಗೆ ಹಾಲು ಹಾಕುವವರಿಗೆ ತಂಪಿನ ಬೆಲೆ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಹಾಲಿನ ಗಾಡಿ ಒಂದೆರಡು ಗಂಟೆ ತಡವಾದರೆ ಹಾಲು ಒಡೆಯುತ್ತದೆ. ಮೂಗು ಹೇಳುತ್ತದೆ, ನಾಲಿಗೆ ಹೇಳುತ್ತದೆ, ಒಲೆಯ ಮೇಲಿಟ್ಟರೆ ಪಾತ್ರೆಯೇ ಹೇಳುತ್ತದೆ.

ಲಸಿಕೆಗೆ ಆ ಗುಣವಿಲ್ಲ. ಬಿಸಿಗೆ ಸಿಕ್ಕ ಲಸಿಕೆಯ ಬಣ್ಣ ಸಾಮಾನ್ಯವಾಗಿ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಅದು ವಿಷವೂ ಆಗುವುದಿಲ್ಲ, ಶಕ್ತಿ ಮಾತ್ರ ಕಳೆದುಕೊಳ್ಳುತ್ತದೆ. ಮಗುವಿಗೆ ಸೂಜಿ ಚುಚ್ಚಿದ್ದಾಯಿತು, ತಾಯಿ ಕಾರ್ಡಿನಲ್ಲಿ ಗುರುತು ಹಾಕಿದ್ದಾಯಿತು, ಅಮ್ಮ ನೆಮ್ಮದಿಯಿಂದ ಮನೆಗೆ ಹೋದಳು. ಆದರೆ ಮಗುವಿಗೆ ರಕ್ಷಣೆ ಸಿಕ್ಕಿಲ್ಲ. ಅದು ಗೊತ್ತಾಗುವುದು ಮುಂದೆ ಎಂದೋ ಊರಿಗೆ ದಡಾರ ಬಂದಾಗ.

ಹಾಗಾಗಿ ಲಸಿಕೆ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಅದು ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿತ್ತು ಎಂಬ ಲೆಕ್ಕ ಬೇಕೇ ಬೇಕು. ಆ ಲೆಕ್ಕ ಇಡುವುದನ್ನು ಜಗತ್ತು ಕಲಿತದ್ದು ನಿಧಾನವಾಗಿ, ಬಹಳ ನಷ್ಟ ಅನುಭವಿಸಿದ ಮೇಲೆ.

ಮಗುವಿನ ತೋಳೇ ಪೆಟ್ಟಿಗೆ

1796ರಲ್ಲಿ ಇಂಗ್ಲೆಂಡಿನ ಹಳ್ಳಿ ವೈದ್ಯ ಎಡ್ವರ್ಡ್ ಜೆನ್ನರ್, ಹಸುವಿಗೆ ಬರುವ ಸಿಡುಬಿನ ಕೀವನ್ನು ಎಂಟು ವರ್ಷದ ಹುಡುಗನ ತೋಳಿಗೆ ಗೀರಿ ಹಾಕಿದ. ಹಾಗೆ ಮಾಡಿದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂದು ತೋರಿಸಿದ. ಕೆಲವೇ ವರ್ಷದಲ್ಲಿ ಜಗತ್ತಿನ ಎಲ್ಲ ಕಡೆಯಿಂದಲೂ ಅದಕ್ಕೆ ಬೇಡಿಕೆ ಬಂತು.

ಆದರೆ ಕಳಿಸುವುದು ಹೇಗೆ? ದಾರವನ್ನು ಆ ಕೀವಿನಲ್ಲಿ ಅದ್ದಿ ಒಣಗಿಸಿ ಕಳಿಸಿದರು. ಎರಡು ಗಾಜಿನ ಬಿಲ್ಲೆಗಳ ನಡುವೆ ಇಟ್ಟು ಮೇಣ ಮೆತ್ತಿ ಕಳಿಸಿದರು. ಯುರೋಪಿನ ಚಳಿಯಲ್ಲಿ ಅದು ಹೇಗೋ ನಡೆಯಿತು. ಭಾರತಕ್ಕೆ ಹಡಗಿನಲ್ಲಿ ಬರಲು ತಿಂಗಳುಗಟ್ಟಲೆ ಬೇಕು, ದಾರಿಯುದ್ದಕ್ಕೂ ಬಿಸಿ. ಕಳಿಸಿದ್ದೆಲ್ಲ ಸತ್ತು ಬರುತ್ತಿತ್ತು.

ಕೊನೆಗೆ ಭೂಮಾರ್ಗ ಹಿಡಿದರು. ವಿಯೆನ್ನಾದ ವೈದ್ಯ ಜಾನ್ ದ ಕಾರೊ ಕಳಿಸಿದ ಲಸಿಕೆ ಬಾಗ್ದಾದಿಗೆ ಜೀವಂತವಾಗಿ ತಲುಪಿತು. ಅಲ್ಲಿಂದ ಬಸ್ರಾಕ್ಕೆ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿತು. ಬಸ್ರಾದಿಂದ ಬಾಂಬೆಗೆ ಬಂತು. 1802ರ ಜೂನ್ 14ರಂದು ಬಾಂಬೆಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಅದನ್ನು ಹಾಕಿದರು. ಭಾರತದಲ್ಲಿ ಮೊದಲು ಲಸಿಕೆ ಫಲಿಸಿದ್ದು ಆ ಮಗುವಿನ ತೋಳಿನಲ್ಲಿ. ಅವಳ ತೋಳಿನ ಗುಳ್ಳೆಯಿಂದ ತೆಗೆದು ಬೇರೆ ಮಕ್ಕಳಿಗೆ, ಆ ಮಕ್ಕಳಿಂದ ಇನ್ನಷ್ಟು ಮಕ್ಕಳಿಗೆ ಹಾಕುತ್ತಾ ದೇಶದ ತುಂಬ ಹರಡಿದರು.

ಅಂದರೆ ಆ ಕಾಲದಲ್ಲಿ ಲಸಿಕೆ ಇಡುವ ಪೆಟ್ಟಿಗೆ ಎಂದರೆ ಮಗುವಿನ ತೋಳು. ಒಂದು ಮಗುವಿಗೆ ಹಾಕಿ ವಾರ ಕಳೆಯುವ ಹೊತ್ತಿಗೆ ಮುಂದಿನ ಮಗು ಸಿದ್ಧವಿರಬೇಕು. ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೆ ಲಸಿಕೆಯೇ ಇಲ್ಲ. 1803ರಲ್ಲಿ ಸ್ಪೇನಿನ ರಾಜ ಅಮೆರಿಕದ ತನ್ನ ವಸಾಹತುಗಳಿಗೆ ಲಸಿಕೆ ಕಳಿಸಿದಾಗ ಹಡಗಿನಲ್ಲಿ 22 ಅನಾಥ ಹುಡುಗರನ್ನು ಕೂರಿಸಿದ್ದರು. ದಾರಿಯಲ್ಲಿ ಇಬ್ಬಿಬ್ಬರಿಗೆ ಹಾಕುತ್ತಾ ಹೋಗಿ ಅದನ್ನು ಜೀವಂತ ಉಳಿಸಿಕೊಂಡರು. ಬಿಸಿಲಿಗೆ ಸಾಯದ ಪಾತ್ರೆ ಬೇರೆ ಸಿಗದಿದ್ದಾಗ ಬಡವರ ಮಕ್ಕಳ ಮೈಯನ್ನೇ ಪಾತ್ರೆ ಮಾಡಿಕೊಂಡರು. ಅದನ್ನು ಓದುವಾಗ ನಮಗೆ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ.

ಇದರಲ್ಲಿ ಮೈಸೂರಿನದೂ ಒಂದು ಪಾಲಿದೆ. 1805ರಲ್ಲಿ ಥಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಕಾರ ಮೂವರು ರಾಜಮನೆತನದ ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೀರೆ ಸರಿಸಿ ತೋಳು ತೋರಿಸುತ್ತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ, ಜನರ ಹೆದರಿಕೆ ಬಿಡಿಸಲೆಂದೇ ಆ ಚಿತ್ರ ಬರೆಸಿದ್ದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ.

ಬೆಳಗಾವಿಯಲ್ಲಿ ಒಣಗಿಸಿದ ಲಸಿಕೆ

ತೋಳಿನಿಂದ ತೋಳಿಗೆ ಹಾಕುವಾಗ ಬೇರೆ ರೋಗಗಳೂ ದಾಟುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಎಳೆಗರುವಿನ ಚರ್ಮದ ಮೇಲೆ ಲಸಿಕೆ ಬೆಳೆಸುವ ಪದ್ಧತಿ ಬಂತು. ನಮ್ಮ ಬೆಳಗಾವಿಯಲ್ಲೂ ಬ್ರಿಟಿಷರ ಕಾಲದಿಂದಲೇ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆ ಇತ್ತು. ಆದರೆ ದ್ರವ ರೂಪದ ಆ ಲಸಿಕೆ ಬಿಸಿಲಿನಲ್ಲಿ ಕೆಲವೇ ದಿನ ಬಾಳುತ್ತಿತ್ತು. ಅದಕ್ಕೇ ಆಗ ಲಸಿಕೆ ಹಾಕುವ ಕೆಲಸಕ್ಕೂ ಬಿತ್ತನೆಯ ಹಾಗೆ ಒಂದು ಹಂಗಾಮು. ಚಳಿಗಾಲದಲ್ಲಿ ಹಾಕುವುದು, ಬೇಸಿಗೆ ಬಂದರೆ ನಿಲ್ಲಿಸುವುದು. ಸಿಡುಬು ಮಾತ್ರ ಬೇಸಿಗೆಯಲ್ಲೇ ಜೋರು.

ಬಿಡುಗಡೆ ಸಿಕ್ಕಿದ್ದು 1950ರ ದಶಕದಲ್ಲಿ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ವಿಜ್ಞಾನಿ ಲೆಸ್ಲಿ ಕಾಲಿಯರ್ ಲಸಿಕೆಯನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ ಪುಡಿ ಮಾಡುವ ವಿಧಾನವನ್ನು ಪಕ್ಕಾ ಮಾಡಿದರು. ಹಾಕುವ ಹೊತ್ತಿಗೆ ದ್ರವ ಬೆರೆಸಿಕೊಂಡರೆ ಸಾಕು. 37 ಡಿಗ್ರಿ ಬಿಸಿಯಲ್ಲಿ ಒಂದು ತಿಂಗಳಿಟ್ಟ ಮೇಲೂ ಶಕ್ತಿ ಉಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷೆ ಇಟ್ಟಿತು. ಲಸಿಕೆಯ ಬಾಳಿಕೆಯನ್ನು ಡಿಗ್ರಿ ಮತ್ತು ದಿನಗಳಲ್ಲಿ ಅಳೆದು ನೋಡುವ ಪದ್ಧತಿ ಗಟ್ಟಿಯಾಗಿ ನಿಂತದ್ದು ಇಂಥ ಪರೀಕ್ಷೆಗಳಿಂದ.

ಭಾರತದಲ್ಲಿ ಸಿಡುಬು ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿ ಶುರುವಾಯಿತು. ಮೊದಮೊದಲು ದ್ರವ ಲಸಿಕೆಯೇ ಗತಿ. ಆಮೇಲೆ ಸೋವಿಯತ್ ರಷ್ಯಾ ಒಣ ಲಸಿಕೆ ದಾನ ಕೊಟ್ಟಿತು. ಮುಂದೆ ನಮ್ಮಲ್ಲೇ ನಾಲ್ಕು ಕಡೆ ಅದರ ತಯಾರಿ ಶುರುವಾಯಿತು: ಮದ್ರಾಸಿನ ಗಿಂಡಿ, ಹೈದರಾಬಾದ್, ನೈನಿತಾಲ್ ಬಳಿಯ ಪಟವಾಡಾಂಗರ್ ಮತ್ತು ನಮ್ಮ ಬೆಳಗಾವಿ. ಲಸಿಕೆ ಹಾಕುವವರು ಅದನ್ನು ಜೋಳಿಗೆಯಲ್ಲಿ ಹಾಕಿಕೊಂಡು ಬಸ್ಸು ಹೋಗದ ಊರಿಗೂ ನಡೆದೇ ಹೋದರು. ನಿಮ್ಮ ಮನೆಯ ಅಜ್ಜ ಅಜ್ಜಿಯರ ತೋಳು ನೋಡಿ. ನಾಣ್ಯದಷ್ಟಗಲದ ಗುರುತು ಇರುತ್ತದೆ.

1975ರಲ್ಲಿ ದೇಶದ ಕೊನೆಯ ಸಿಡುಬು ಪ್ರಕರಣಗಳು ಕಂಡವು. 1977ರಲ್ಲಿ ಭಾರತ ಸಿಡುಬು ಮುಕ್ತ ಎಂದು ಘೋಷಣೆಯಾಯಿತು, 1980ರಲ್ಲಿ ಇಡೀ ಜಗತ್ತು.

ಎರಡರಿಂದ ಎಂಟರ ನಡುವೆ

ಸಿಡುಬು ಹೋದ ಮೇಲೆ ಉಳಿದ ರೋಗಗಳ ಸರದಿ ಬಂತು. ದಡಾರ, ಪೋಲಿಯೊ, ಗಂಟಲು ಮಾರಿ, ನಾಯಿಕೆಮ್ಮು, ಧನುರ್ವಾಯು, ಕ್ಷಯ. ಮಕ್ಕಳಿಗೆ ಇವುಗಳ ಲಸಿಕೆ ಹಾಕುವ ಕಾರ್ಯಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1974ರಲ್ಲಿ, ಭಾರತ 1978ರಲ್ಲಿ ಆರಂಭಿಸಿದವು. 1985ರಿಂದ ನಮ್ಮಲ್ಲಿ ಜಿಲ್ಲೆ ಜಿಲ್ಲೆಗೂ ವಿಸ್ತರಿಸಿದರು.

ಇಲ್ಲಿ ಹಳೆಯ ಶತ್ರು ಮತ್ತೆ ಎದುರಾಯಿತು. ಈ ಯಾವ ಲಸಿಕೆಯನ್ನೂ ಜೋಳಿಗೆಯಲ್ಲಿ ಹಾಕಿಕೊಂಡು ತಿಂಗಳು ಸುತ್ತುವ ಹಾಗಿಲ್ಲ. ಬಾಯಿಗೆ ಹಾಕುವ ಪೋಲಿಯೊ ಹನಿಯಂತೂ ಬಿಸಿ ತಡೆಯುವುದೇ ಇಲ್ಲ. ತಯಾರಾದ ಕಾರ್ಖಾನೆಯಿಂದ ಅಂಗನವಾಡಿಯ ಮೇಜಿನವರೆಗೆ ಎಲ್ಲೂ ತಂಪು ತಪ್ಪಬಾರದು. ಇದಕ್ಕೇ ಶೀತಲ ಸರಪಳಿ ಎಂದು ಹೆಸರು.

ಆರೋಗ್ಯ ಕೇಂದ್ರದಲ್ಲಿ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಮನೆಯ ಫ್ರಿಜ್ ಇದಕ್ಕೆ ಆಗುವುದಿಲ್ಲ. ಬಾಗಿಲು ತೆಗೆದರೆ ತಣ್ಣನೆ ಗಾಳಿ ಕೆಳಕ್ಕೆ ಸುರಿದು ಹೋಗುತ್ತದೆ, ಯಾಕೆಂದರೆ ತಣ್ಣನೆ ಗಾಳಿ ಭಾರ. ಅದಕ್ಕೇ ಲಸಿಕೆಯ ಫ್ರಿಜ್‌ಗೆ ಬಾಗಿಲು ಮೇಲೆ. ಅದರ ಗೋಡೆಯೊಳಗೆ ಸುತ್ತಲೂ ನೀರು ಇರುತ್ತದೆ. ಕರೆಂಟ್ ಇದ್ದಾಗ ಅದು ಮಂಜುಗಡ್ಡೆಯಾಗುತ್ತದೆ, ಕರೆಂಟ್ ಹೋದಾಗ ಆ ಮಂಜು ಕರಗುತ್ತಾ ಒಳಗಿನ ತಂಪು ಕಾಯುತ್ತದೆ. ಸಿಬ್ಬಂದಿ ಇದನ್ನು ಐಎಲ್‌ಆರ್ ಎನ್ನುತ್ತಾರೆ. ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ ತಂಪು ಹಿಡಿದಿಡುವಂತೆ ಮಾಡಿದ ಯಂತ್ರ. ಲೋಡ್ ಶೆಡ್ಡಿಂಗ್ ಇರುವ ದೇಶಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಆ ಪುಸ್ತಕ ಬಂದದ್ದು ಈ ಯಂತ್ರದ ಜೊತೆಗೆ. ದಿನಕ್ಕೆ ಎರಡು ಸಲ, ಭಾನುವಾರವೂ, ಹಬ್ಬದ ದಿನವೂ, ಒಳಗಿನ ಥರ್ಮಾಮೀಟರ್ ನೋಡಿ ಅಂಕಿ ಬರೆಯಬೇಕು. ಕರೆಂಟ್ ಹೋದದ್ದನ್ನೂ, ಒಳಗೆ ಕಟ್ಟಿದ ಮಂಜು ತೆಗೆದದ್ದನ್ನೂ ಬರೆಯಬೇಕು. ವೈದ್ಯಾಧಿಕಾರಿ ಅದನ್ನು ನೋಡಿ ಸಹಿ ಹಾಕಬೇಕು. ಯಂತ್ರ ಒಂದೇ ದಿನಕ್ಕೆ ಕೆಡುವುದು ಕಡಿಮೆ. ಮೊದಲು 4 ಇದ್ದದ್ದು 5 ಆಗುತ್ತದೆ, ಆಮೇಲೆ 6, ಆಮೇಲೆ 7. ನಿಜವಾದ ಅಂಕಿ ಬರೆಯುತ್ತಾ ಹೋದವರಿಗೆ ಏಳರ ಹೊತ್ತಿಗೇ ಮೆಕ್ಯಾನಿಕ್ಕಿಗೆ ಫೋನ್ ಮಾಡಬೇಕು ಎಂದು ಗೊತ್ತಾಗುತ್ತದೆ. ತಿಂಗಳಿಡೀ 4 ಬರೆದವರಿಗೆ ಗೊತ್ತಾಗುವುದು ಫ್ರಿಜ್ ನಿಂತ ಮೇಲೆಯೇ.

ತಂಪು ಹೆಚ್ಚಾದರೂ ಕೇಡು

ಬಹಳ ವರ್ಷ ಎಲ್ಲರ ಹೆದರಿಕೆ ಬಿಸಿಯ ಮೇಲೇ ಇತ್ತು. ಎಷ್ಟು ತಂಪಾದರೆ ಅಷ್ಟು ಒಳ್ಳೆಯದು ಎಂದು ಲಸಿಕೆಯನ್ನು ಐಸಿಗೆ ಒತ್ತಿ ಇಡುತ್ತಿದ್ದರು. ಇದು ದೊಡ್ಡ ತಪ್ಪು ಎಂದು ತಿಳಿಯಲು ಸಮಯ ಹಿಡಿಯಿತು.

ಧನುರ್ವಾಯು ಲಸಿಕೆ, ಹೆಪಟೈಟಿಸ್ ಬಿ, ಐದು ರೋಗಕ್ಕೆ ಒಂದೇ ಆದ ಪೆಂಟಾವೇಲೆಂಟ್, ಇವುಗಳಲ್ಲಿ ಅಲ್ಯುಮಿನಿಯಂ ಲವಣದ ಸಣ್ಣ ಕಣಗಳಿರುತ್ತವೆ. ಹೆಪ್ಪುಗಟ್ಟಿದರೆ ಆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕರಗಿದ ಮೇಲೂ ಬಿಡಿಯಾಗುವುದಿಲ್ಲ, ಲಸಿಕೆಯ ಶಕ್ತಿ ಹೋಗುತ್ತದೆ. ಹಾಗಾಗಿ ಸೊನ್ನೆಗಿಂತ ಕೆಳಗಿನ ಅಂಕಿ ಒಂಬತ್ತಕ್ಕಿಂತಲೂ ಹೆಚ್ಚು ಭಯ ಹುಟ್ಟಿಸಬೇಕು.

ಅನುಮಾನ ಬಂದರೆ ಸಿಬ್ಬಂದಿ ಅಲ್ಲಾಡಿಸಿ ನೋಡುವ ಪರೀಕ್ಷೆ ಮಾಡುತ್ತಾರೆ. ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಅದೇ ಲಸಿಕೆಯ ಒಂದು ಬಾಟಲಿ, ಅನುಮಾನದ ಒಂದು ಬಾಟಲಿ, ಎರಡನ್ನೂ ಅಲ್ಲಾಡಿಸಿ ಪಕ್ಕಪಕ್ಕ ಇಡುವುದು. ಕೆಟ್ಟದ್ದರಲ್ಲಿ ಗಸಿ ಬೇಗ ತಳಕ್ಕೆ ಕೂರುತ್ತದೆ. ಅನುಮಾನದ್ದೂ ಅಷ್ಟೇ ಬೇಗ ಕೂತರೆ ಎಸೆಯಬೇಕು.

ಊರಿಗೆ ತರುವ ನೀಲಿ ಪೆಟ್ಟಿಗೆಯಲ್ಲೂ ಇದೇ ಎಚ್ಚರ. ಅದರೊಳಗಿನ ನಾಲ್ಕು ಐಸ್‌ಪ್ಯಾಕ್‌ಗಳನ್ನು ಫ್ರೀಜರಿನಿಂದ ತೆಗೆದ ಕೂಡಲೇ ಹಾಕುವಂತಿಲ್ಲ. ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಕಾಯಬೇಕು. ಬೆಳಿಗ್ಗೆ ಸಿಸ್ಟರ್ ಬರುವುದು ಸ್ವಲ್ಪ ತಡವಾದರೆ ಗೊಣಗುವ ಮುಂಚೆ ಇದನ್ನು ನೆನಪಿಡಿ.

ಬಾಟಲಿಯೇ ಬರೆದುಕೊಳ್ಳುವ ಲೆಕ್ಕ

ಪುಸ್ತಕ ಫ್ರಿಜ್‌ನ ಕಥೆ ಹೇಳುತ್ತದೆ. ಪೆಟ್ಟಿಗೆಯಲ್ಲಿ, ಬೈಕಿನ ಮೇಲೆ, ಬೇವಿನ ಮರದ ಕೆಳಗೆ ಏನಾಯಿತು ಎಂದು ಹೇಳುವವರು ಯಾರು? 1996ರಲ್ಲಿ ಅದಕ್ಕೂ ದಾರಿ ಸಿಕ್ಕಿತು. ಪೋಲಿಯೊ ಹನಿಯ ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಬಿಳಿ ಚೌಕ ಬಂತು. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ, ಮತ್ತೆ ತಂಪಿನಲ್ಲಿಟ್ಟರೂ ಬಿಳಿಯಾಗುವುದಿಲ್ಲ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಹಾಕಬಹುದು. ವೃತ್ತದ ಬಣ್ಣಕ್ಕೇ ಬಂದರೆ ಅಥವಾ ಅದಕ್ಕಿಂತ ಕಪ್ಪಾದರೆ ಎಸೆಯಬೇಕು. ಓದು ಬರದವರೂ ಓದಬಹುದಾದ ದಾಖಲೆ ಇದು. ಪಲ್ಸ್ ಪೋಲಿಯೊ ದಿನಗಳಲ್ಲಿ ಹನಿಯ ಬಾಟಲಿ ಬಸ್ ಸ್ಟ್ಯಾಂಡು, ಜಾತ್ರೆ, ಇಟ್ಟಿಗೆ ಗೂಡಿನವರೆಗೂ ಹೋದದ್ದು ಈ ಚೌಕದ ಧೈರ್ಯದ ಮೇಲೆ. 2014ರಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಆದರೆ ಚೌಕ ಹೇಳುವುದು ಬಿಸಿಯ ಲೆಕ್ಕ ಮಾತ್ರ, ಹೆಪ್ಪುಗಟ್ಟಿದ್ದನ್ನು ಅದು ಹೇಳುವುದಿಲ್ಲ.

2015ರಿಂದ ಇನ್ನೊಂದು ವ್ಯವಸ್ಥೆ ಬಂತು. ಕೇಂದ್ರ ಆರೋಗ್ಯ ಸಚಿವಾಲಯವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಸೇರಿ ತಂದ ಇ-ವಿನ್. ಮೊದಲು ಕೆಲವು ರಾಜ್ಯಗಳಲ್ಲಿ, ಆಮೇಲೆ ದೇಶದ ತುಂಬ. ಫ್ರಿಜ್ ಒಳಗೆ ಸೆನ್ಸರ್, ಅದಕ್ಕೊಂದು ಸಿಮ್. ಉಷ್ಣಾಂಶ ಮಿತಿ ಮೀರಿದರೆ ಫೋನಿಗೆ ಮೆಸೇಜ್ ಬರುತ್ತದೆ. ಕೋವಿಡ್ ಲಸಿಕೆಯ ಲೆಕ್ಕ ಇಡಲೂ ಇದೇ ವ್ಯವಸ್ಥೆ ನೆರವಿಗೆ ಬಂತು.

ಹಾಗಾದರೆ ಪುಸ್ತಕ ಯಾಕೆ ಬೇಕು? ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ನೆಟ್‌ವರ್ಕ್ ಸಿಗದ ಊರು ನಮಗೆ ಹೊಸತಲ್ಲ. ಮೆಸೇಜ್ ಬಂದರೂ ರಾತ್ರಿ ಎರಡಕ್ಕೆ ಎದ್ದು ಬಂದು ಲಸಿಕೆಯನ್ನು ಐಸ್ ತುಂಬಿದ ಪೆಟ್ಟಿಗೆಗೆ ಸಾಗಿಸಬೇಕಾದದ್ದು ಮನುಷ್ಯರೇ. ದಿನಕ್ಕೆ ಎರಡು ಸಲ ಮುಚ್ಚಳ ತೆಗೆದು ನೋಡುವವರಿಗೆ ಫ್ರಿಜ್‌ನ ಸದ್ದು ಬದಲಾದದ್ದೂ, ಒಳಗೆ ನೀರು ನಿಂತದ್ದೂ ಕಣ್ಣಿಗೆ ಬೀಳುತ್ತದೆ.

ಒಂಬತ್ತೂವರೆ ಎಂದು ಬರೆದವರು

ಹೋದ ವರ್ಷ ಮಳೆಗಾಲದ ಶುರುವಿನಲ್ಲಿ ಬೇರೊಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಅಭ್ಯಾಸ ಬಲದಿಂದ ಪುಸ್ತಕ ತೆರೆದೆವು. 4, 5, 4, 6, 5. ನಡುವೆ ಒಂದು ಕಡೆ ಕೆಂಪು ಪೆನ್ನಿನಲ್ಲಿ 9.5. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಗಾಳಿ ಮಳೆಗೆ ಕಂಬ ಬಿದ್ದು ನಿನ್ನೆಯಿಂದ ಕರೆಂಟ್ ಇಲ್ಲ, ಲಸಿಕೆ ಕೋಲ್ಡ್ ಬಾಕ್ಸಿಗೆ ಹಾಕಿದೆ, ಡಾಕ್ಟರಿಗೆ ತಿಳಿಸಿದೆ, ಎಲ್ಲ ಬಾಟಲಿಯ ಚೌಕ ನೋಡಿದೆ, ಸರಿಯಿದೆ.

ಬರೆದ ಸಿಸ್ಟರನ್ನು ಮಾತಾಡಿಸಿದೆವು. "ಬರೀಬೇಡ, ಸುಮ್ನೆ ವಿವರಣೆ ಕೇಳ್ತಾರೆ ಅಂದ್ರು ಜೊತೆಯವರು. ನನಗೂ ಹೆದರಿಕೆ ಆಯ್ತು. ಆದ್ರೆ ನಾಳೆ ನಾನೇ ಆ ಬಾಟ್ಲಿಯಿಂದ ಮಗೂಗೆ ಹಾಕಬೇಕಲ್ಲ ಸರ್."

ಮೊದಲ ಕೇಂದ್ರದ ಸಿಸ್ಟರ್ ಸೋಮಾರಿಯಲ್ಲ. ಒಬ್ಬರೇ ಮೂರು ಜನರ ಕೆಲಸ ಮಾಡುತ್ತಿದ್ದರು. 4 ಬರೆದರೆ ಯಾರೂ ಏನೂ ಕೇಳುವುದಿಲ್ಲ, 9 ಬರೆದರೆ ನೂರು ಪ್ರಶ್ನೆ. ಹೀಗಿರುವಾಗ ಪುಸ್ತಕದಲ್ಲಿ ಯಾವ ಅಂಕಿ ತುಂಬುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಒಂಬತ್ತು ಬರೆದವರನ್ನು ಬೈಯುವ ಬದಲು ಆ ಒಂಬತ್ತು ಯಾಕೆ ಬಂತು ಎಂದು ಮೇಲಿನವರು ಕೇಳಬೇಕು. ಸುಟ್ಟ ಟಿಸಿ ಎರಡು ದಿನದೊಳಗೆ ಯಾಕೆ ಬದಲಾಗಲಿಲ್ಲ ಎಂದು ಊರಿನವರಾದ ನಾವೂ ಕೇಳಬೇಕು. ಅವತ್ತು ನಾವು ಬರೆಯಬೇಕಾಗಿದ್ದ ಸುದ್ದಿ ಅದು. ಯಾರ ಹೆಸರೂ ಹಾಕದೆ ಬರೆಯಬಹುದಿತ್ತು.

ಇದನ್ನು ಓದಿ ಲಸಿಕೆಯ ಮೇಲೆ ಅನುಮಾನ ಪಟ್ಟು ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಕೊಡಿಸದಿರುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಮುಂದಿನ ಸಲ ಅಂಗನವಾಡಿಗೆ ಹೋದಾಗ ಬಾಟಲಿಯ ಮೇಲಿನ ಚೌಕ ತೋರಿಸಿ ಎಂದು ಸಿಸ್ಟರನ್ನು ಮೆತ್ತಗೆ ಕೇಳಿ, ಖುಷಿಯಿಂದ ತೋರಿಸುತ್ತಾರೆ. ದಡಾರದ ಲಸಿಕೆಯನ್ನು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಬಾಟಲಿಯ ಮೇಲೆ ಬೆರೆಸಿದ ಹೊತ್ತು ಬರೆದಿರುತ್ತಾರೆ, ಅದನ್ನೂ ನೋಡಿ. ಗ್ರಾಮಸಭೆ ಸೇರಿದಾಗ ಆಸ್ಪತ್ರೆಯ ಕರೆಂಟ್ ಲೈನು ಹೇಗಿದೆ, ಸ್ಟೆಬಿಲೈಸರ್ ಕೆಲಸ ಮಾಡುತ್ತಿದೆಯೇ ಎಂದು ಒಂದು ಮಾತು ಎತ್ತಿ.

ಹೋದ ತಿಂಗಳು ಆ ಮೊದಲ ಆರೋಗ್ಯ ಕೇಂದ್ರದ ದಾರಿಯಲ್ಲಿ ಹೋಗುವಾಗ ಒಳಗೆ ಹೊಕ್ಕೆವು. ಟಿಸಿ ಹೊಸದು. ಸಿಸ್ಟರಿಗೆ ವರ್ಗವಾಗಿತ್ತು. ಪುಸ್ತಕ ಅಲ್ಲೇ ಇತ್ತು, ದಾರಕ್ಕೆ ಹೊಸ ಪೆನ್ನು ಕಟ್ಟಿದ್ದರು. ಸಂಜೆಯ ಮನೆ ಖಾಲಿ ಇತ್ತು. ಆಗ ಮಧ್ಯಾಹ್ನ ಎರಡು ಗಂಟೆ. ಖಾಲಿ ಮನೆ ಕಂಡು ನಮಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.